ಶಿವನಂಜಮ್ಮ ತೀರಿಕೊಂಡ ಸುದ್ದಿ

ಮಳವಳ್ಳಿ
೨೨ ಜುಲೈ ೨೦೨೪

ಅರ್ಪಿತ,

ಸತ್ತುಹೋದ ದೊಡ್ಡಮ್ಮ ಬರೆಯುತ್ತಿರುವ ಕಾಗದ, ಹೆದರದೆ ಓದು. ಮುದ್ದೆ, ಸೊಪ್ಪಿನ ಸಾರು ಉಂಡು, ಮೇಲೊಂದು ಲೋಟ ಮಜ್ಜಿಗೆ ಕುಡಿದು ಜಗಲಿಯ ಮೇಲೆ ಕೂತಿದ್ದೇನೆ. ನಿನ್ನಮ್ಮನಿಗೂ ಓದಿ ಹೇಳು. ಅವಳು ಇನ್ನೂ ನಡುಗುತ್ತಿದ್ದರೆ 'ನಿನ್ನಕ್ಕ ಬೈದಳು' ಎಂದೂ ಹೇಳು.

ಫೋನ್ ಮಾಡಬಾರದಿತ್ತೇ ಎನ್ನಬೇಡ. ಫೋನಿನಲ್ಲಿ ಈಗ ನನಗೆ ಗುಂಯ್ ಎನ್ನುವುದು ಬಿಟ್ಟು ಏನೂ ಕೇಳುವುದಿಲ್ಲ, ನಿನಗೆ ಗೊತ್ತು. ಎದುರಿಗೆ ಕೂತವರ ಬಾಯಿ ನೋಡಿದರೆ ಮಾತು ತಿಳಿಯುತ್ತದೆ. ಸೋಬಾನೆ ಹೇಳುವಾಗಲೂ ಅಷ್ಟೆ, ಕೊತ್ತತ್ತಿಯ ಚಿಕ್ಕಮಾದಮ್ಮನನ್ನು ಎದುರಿಗೇ ಕೂರಿಸಿಕೊಳ್ಳುತ್ತೇನೆ. ನಾನು ಒಂದು ಸಾಲು ಹೇಳುತ್ತೇನೆ, ಅವಳೂ ಪಕ್ಕದವರೂ ಅದನ್ನೇ ತಿರುಗಿ ಹೇಳುತ್ತಾರೆ. ಅವಳ ಬಾಯಿ ಮುಚ್ಚಿದ್ದು ಕಂಡ ಮೇಲೆ ಮುಂದಿನ ಸಾಲು ಎತ್ತುತ್ತೇನೆ. ಇದು ನಿನಗೂ ನನ್ನ ಸೊಸೆ ದೀಪಿಕನಿಗೂ ಬಿಟ್ಟು ಇನ್ನಾರಿಗೂ ಗೊತ್ತಿಲ್ಲ, ನಿನ್ನಮ್ಮನಿಗೆ ಓದುವಾಗಲೂ ಇಷ್ಟನ್ನು ಬಿಟ್ಟು ಓದು. ತನ್ನ ಮೇಲೆ ನನಗೆ ಪ್ರೀತಿ ಜಾಸ್ತಿ ಎಂದು ಚಿಕ್ಕಮಾದಮ್ಮ ತಿಳಿದುಕೊಂಡಿದ್ದಾಳೆ. ಹಾಗೇ ತಿಳಿದಿರಲಿ. ಕಿವುಡಿ ಎಂದು ಗೊತ್ತಾದರೆ ಯಾವ ಮದುವೆ ಮನೆಯವರು ಕರೆಯುತ್ತಾರೆ?

ಹೋದ ವಾರ ಹಿತ್ತಲಲ್ಲಿ ಹುರುಳಿ ಹರವುತ್ತಿದ್ದಾಗ ಕಾಗೆ ಬಂದು ನೆತ್ತಿಗೇ ಕುಕ್ಕಿ ಹೋಯಿತು. ನಾನಾಗಿದ್ದರೆ ತಲೆಗೆ ನೀರು ಹಾಕಿಕೊಂಡು ಸುಮ್ಮನಾಗುತ್ತಿದ್ದೆ. ದೀಪಿಕ ನಿನ್ನಮ್ಮನಿಗೆ ಹೇಳಿದಳು, ನಿನ್ನಮ್ಮ ಮಂಡ್ಯದಿಂದ ಬಸ್ಸು ಹತ್ತಿ ಬಂದೇಬಿಟ್ಟಳು. "ಕಾಗೆ ತಲೆ ಮುಟ್ಟುದ್ರೆ ಸುಮ್ಕಿರ್ಬಾರ್ದು ಕಣಕ್ಕ. ಸತ್ತೋದ್ಲು ಅಂತ ಸುದ್ದಿ ಕಳಿಸ್ಬೇಕು, ಯಾರಾರ ಅಳ್ಬೇಕು. ಆಗ್ಲೇ ದೋಸ ಓಗೋದು" ಎಂದು ಹಟ ಹಿಡಿದಳು. ನಮ್ಮಜ್ಜಿಗೆ ಕಾಗೆ ಮುಟ್ಟಿದಾಗ ನೆಂಟರ ಊರಿಗೆ ಆಳು ಕಳಿಸಿ ಸುಳ್ಳು ಸಾವು ಹೇಳಿಸಿದ್ದು ನನಗೂ ನೆನಪಿದೆ. ಎದೆ ಬಡಿದುಕೊಂಡು ಬಂದವರಿಗೆ ಬಾಗಿಲಲ್ಲೇ ನಿಜ ಹೇಳಿ, ಊಟ ಹಾಕಿ ಕಳಿಸಿದ್ದರು. ಈಗ ಯಾರಿಗೆ ಹೇಳಿಸುವುದು, ಅಳಬೇಕಾದ ತಂಗಿಯೇ ಎದುರಿಗೆ ಕೂತಿದ್ದಾಳೆ. ಆಗ ನೀನೇ ಫೋನಿನಲ್ಲಿ "ಬುಡಮ್ಮ, ನಾನ್ ನೆಟ್ಟಲ್ಲಿ ಆಕ್ತೀನಿ, ಊರೆಲ್ಲ ಅಳ್ತದೆ" ಎಂದೆಯಂತೆ.

ನೀನು ಹಾಕಿದ್ದನ್ನು ದೀಪಿಕ ತೋರಿಸಿದಳು. ನನ್ನ ಫೋಟೋ, ಕೆಳಗೊಂದು ದೀಪ, ಭಾವಪೂರ್ಣ ಶ್ರದ್ಧಾಂಜಲಿ, ಖ್ಯಾತ ಸೋಬಾನೆ ಗಾಯಕಿ ಮಳವಳ್ಳಿಯ ಶಿವನಂಜಮ್ಮನವರು. ಬದುಕಿದ್ದಷ್ಟು ದಿನ ಯಾರೂ ನನ್ನನ್ನು ಖ್ಯಾತ ಅಂದಿರಲಿಲ್ಲ. ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಅಂಗನವಾಡಿಯಲ್ಲಿ ಇಂಥದ್ದನ್ನೆಲ್ಲ ನಂಬಬೇಡಿ ಎಂದು ತಾಯಂದಿರಿಗೆ ಹೇಳಿಕೊಂಡು ರಿಟೈರ್ ಆದವಳು ನಾನು. ಅಳುವವರು ಅತ್ತಾಯಿತು, ಇನ್ನು ತೆಗೆದುಹಾಕು. ಆ ಸುದ್ದಿಯನ್ನೇ ಯಾರ ಮುಂದೂ ಎತ್ತಬೇಡ.

ನಿನ್ನ ಹೊಸ ಕೆಲಸ ಏನು, ಬರೆ. ಕಂಪ್ಯೂಟರಿಗೆ ಪಾಠ ಹೇಳಿಕೊಡುವುದು ಎಂದು ನಿನ್ನಮ್ಮ ಬೀಗುತ್ತಿದ್ದಳು. ಅದಕ್ಕೆ ಬೆತ್ತ ಹಿಡಿದು ಹೇಳುತ್ತೀಯೋ ಮುದ್ದು ಮಾಡಿ ಹೇಳುತ್ತೀಯೋ ತಿಳಿಸು.

ನಿನ್ನ ದೊಡ್ಡಮ್ಮ
ಶಿವನಂಜಮ್ಮ


ಗುತ್ತಲು, ಮಂಡ್ಯ
೪ ಆಗಸ್ಟ್ ೨೦೨೪

ಪ್ರೀತಿಯ ದೊಡ್ಡಮ್ಮ,

ಅಮ್ಮನಿಗೆ ಓದಿ ಹೇಳಿದೆ. "ಬೈಲಿ ಬುಡು, ಬೈಯಾಕಾದ್ರೂ ಇರ್ಬೇಕಲ್ಲ" ಎಂದಳು. ನಾನು ಹಾಕಿದ ಮರುದಿನವೇ ಅದರ ಕೆಳಗೆ 'ಶಿವನಂಜಮ್ಮನವರು ಕ್ಷೇಮವಾಗಿದ್ದಾರೆ, ಸುದ್ದಿ ತಪ್ಪು' ಎಂದು ಬರೆದಿದ್ದೆ. ನಿನ್ನ ಕಾಗದ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಅಳಿಸಿಬಿಟ್ಟೆ. ಈಗ ಹುಡುಕಿದರೂ ಸಿಕ್ಕುವುದಿಲ್ಲ.

ನನ್ನ ಕೆಲಸಕ್ಕೆ ಬೆತ್ತವೂ ಬೇಡ, ಮುದ್ದೂ ಬೇಡ. ಒಂದು ಯಂತ್ರ ಇದೆ ಎಂದುಕೋ. ಅದು ಬಿಡುವಿಲ್ಲದೆ ಕನ್ನಡದ ವೆಬ್ ಪುಟಗಳನ್ನು ಓದುತ್ತದೆ. ಪತ್ರಿಕೆ ಸುದ್ದಿ, ಊರಿನ ಸುದ್ದಿ, ಯಾರೋ ಬರೆದ ಪ್ರವಾಸದ ಕಥೆ, ಎಲ್ಲವನ್ನೂ. ಓದಿದ್ದರಿಂದ ಚಿಕ್ಕ ಚಿಕ್ಕ ಸಂಗತಿಗಳನ್ನು ಹೆಕ್ಕುತ್ತದೆ. ಮದ್ದೂರು ಒಂದು ಊರು, ಶಿಂಷಾ ಒಂದು ನದಿ, ಮದ್ದೂರು ಶಿಂಷಾ ದಡದಲ್ಲಿದೆ, ಹೀಗೆ. ಒಂದೇ ಪುಟ ಹೇಳಿದ್ದನ್ನು ನಂಬುವುದಿಲ್ಲ, ನಾಲ್ಕಾರು ಪುಟ ಅದನ್ನೇ ಹೇಳಿದರೆ ನಂಬುತ್ತದೆ. ನಂಬಿದ್ದರಲ್ಲಿ ಒಂದಷ್ಟನ್ನು ನಮ್ಮ ತೆರೆಯ ಮೇಲೆ ಇಡುತ್ತದೆ. ನಾವು ಪುಟ ನೋಡಿ 'ಸರಿ' ಅಥವಾ 'ತಪ್ಪು' ಒತ್ತಬೇಕು. ನಾವು ಒತ್ತಿದ್ದರಿಂದ ಅದು ಇನ್ನಷ್ಟು ಕಲಿಯುತ್ತದೆ. ಆಮೇಲೆ ಯಾರಾದರೂ ಫೋನಿನಲ್ಲಿ ಏನನ್ನಾದರೂ ಕೇಳಿದರೆ ಇದರಿಂದಲೇ ಉತ್ತರ ಹೋಗುತ್ತದೆ.

ಮೊನ್ನೆ ಅದು ಮದ್ದೂರು ವಡೆಯನ್ನು ಒಬ್ಬ ಮನುಷ್ಯ ಎಂದುಕೊಂಡಿತ್ತು. ದಿನಾ ರೈಲು ಹತ್ತುತ್ತದೆ, ಮೈಸೂರಿಗೆ ಹೋಗುತ್ತದೆ ಎಂದೆಲ್ಲ ಓದಿದ್ದರೆ ಪಾಪ ಇನ್ನೇನು ಅಂದುಕೊಳ್ಳಬೇಕು? ಇಡೀ ಆಫೀಸು ನಕ್ಕಿತು. ನಮ್ಮ ಸೂಪರ್‌ವೈಸರ್ ಸಂತೋಷ್ ಮಾತ್ರ ನಗುವುದಿಲ್ಲ. "ನಿಮಗೆ ಗೊತ್ತಿರೋದನ್ನ ಮನೇಲಿಟ್ಟು ಬನ್ನಿ. ಪುಟ ಏನು ಹೇಳುತ್ತೋ ಅಷ್ಟೇ ನೋಡಿ" ಎನ್ನುತ್ತಾರೆ. ನನ್ನ ಕೆಲಸ ಅವರಿಗೆ ಹಿಡಿಸಿದೆ. ಹೊಸಬರಿಗೆ ಕಲಿಸುವ ಜವಾಬ್ದಾರಿ ನನಗೇ ಕೊಡುವ ಮಾತಿದೆ.

ಹೈಸ್ಕೂಲು ಓದಿದ್ದು ನಿನ್ನ ಮನೆಯಲ್ಲಿದ್ದುಕೊಂಡು. ಅದಕ್ಕೇ ಈ ಸುದ್ದಿ ಮೊದಲು ನಿನಗೆ.

ನಿನ್ನ
ಅರ್ಪಿತ


ಮಳವಳ್ಳಿ
೮ ಸೆಪ್ಟೆಂಬರ್ ೨೦೨೪

ಅರ್ಪಿತ,

ಕಾಗದ ಓದಿ ಖುಷಿಯಾಯಿತು. ವಡೆಯ ಕಥೆಯನ್ನು ದೀಪಿಕನಿಗೂ ಹೇಳಿದೆ, ಅವಳು ನಕ್ಕು ನಕ್ಕು ಒಲೆ ಮೇಲಿನ ಹಾಲು ಉಕ್ಕಿಸಿದಳು.

ಇಷ್ಟೆಲ್ಲ ಓದುವ ನಿನ್ನ ಯಂತ್ರಕ್ಕೆ ನಮ್ಮಂಥವರ ಹೆಸರು ಗೊತ್ತಿರುತ್ತದೆಯೇ? ಸುಮ್ಮನೆ ಕೇಳಿದೆ. ಹೆಸರಿನ ಆಸೆ ನನಗೇನಿಲ್ಲ. ಇದೆ ಅಂತಲೇ ಇಟ್ಟುಕೋ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ಶ್ರಾವಣ ಕಳೆಯಿತು. ಬೇರೆ ವರ್ಷಗಳಲ್ಲಿ ಶ್ರಾವಣ ಬಂತೆಂದರೆ ನನಗೆ ಮನೆಯಲ್ಲಿ ಕೂರಲು ಪುರುಸೊತ್ತಿರುತ್ತಿರಲಿಲ್ಲ. ಒಂದು ಕಡೆ ಅರಿಶಿನ ಹಚ್ಚುವ ಶಾಸ್ತ್ರ, ಇನ್ನೊಂದು ಕಡೆ ಬಳೆ ತೊಡಿಸುವ ಶಾಸ್ತ್ರ, ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಈ ಸಲ ನಮ್ಮ ಬೀದಿಯದೊಂದು ಮದುವೆ ಬಿಟ್ಟರೆ ಒಂದೂ ಬರಲಿಲ್ಲ. ಮುಹೂರ್ತ ಕಡಿಮೆಯಿರಬೇಕು. ಕಾರ್ತಿಕದಲ್ಲಿ ನೋಡೋಣ.

ದೊಡ್ಡಮ್ಮ
ಶಿವನಂಜಮ್ಮ


ಗುತ್ತಲು, ಮಂಡ್ಯ
೨೦ ಅಕ್ಟೋಬರ್ ೨೦೨೪

ಪ್ರೀತಿಯ ದೊಡ್ಡಮ್ಮ,

ಉತ್ತರ ತಡವಾಯಿತು. ಕೆಲಸ ಜಾಸ್ತಿ. ಹೊಸಬರು ಬಂದಿದ್ದಾರೆ, ಕಲಿಸುವುದು ನನ್ನ ಪಾಲಿಗೇ ಬಂದಿದೆ.

ನೀನು ಕೇಳಿದ್ದೆಯಲ್ಲ, ನಿನ್ನ ಹೆಸರು ಯಂತ್ರಕ್ಕೆ ಗೊತ್ತಿದೆ. ಹೋದ ತಿಂಗಳು ನನ್ನ ತೆರೆಯ ಮೇಲೇ ಬಂತು. 'ಶಿವನಂಜಮ್ಮ, ಮಳವಳ್ಳಿ, ಸೋಬಾನೆ ಗಾಯಕಿ' ಎಂದಿತ್ತು. ನಾನೇ 'ಸರಿ' ಒತ್ತಿದೆ.

ಇನ್ನೇನೂ ವಿಶೇಷವಿಲ್ಲ. ಅಮ್ಮ ಚೆನ್ನಾಗಿದ್ದಾಳೆ. ದಸರಾ ರಜದಲ್ಲಿ ಬರುತ್ತೇನೆ ಎಂದಿದ್ದೆ, ಆಗಲಿಲ್ಲ. ದೀಪಾವಳಿಗೂ ಬಹುಶಃ ಆಗಲಾರದು.

ಅರ್ಪಿತ


ಮಳವಳ್ಳಿ
೫ ಡಿಸೆಂಬರ್ ೨೦೨೪

ಅರ್ಪಿತ,

ದೀಪಾವಳಿಗೂ ನೀನು ಬರಲಿಲ್ಲ. ನಿನಗೆಂದು ಎತ್ತಿಟ್ಟ ಕಜ್ಜಾಯ ಮೆತ್ತಗಾಗಿ ದನಕ್ಕೆ ಹಾಕಿದ್ದಾಯಿತು.

ನನ್ನ ಹೆಸರು ಅಷ್ಟು ದೊಡ್ಡ ಯಂತ್ರದೊಳಗೆ ಕೂತಿದೆ ಎಂದು ಬರೆದೆಯಲ್ಲ, ಆ ಕಾಗದವನ್ನು ದೀಪಿಕನಿಗೆ ಎರಡೆರಡು ಸಲ ಓದಿಸಿದೆ. ಆದರೆ ಹೆಸರು ಅಲ್ಲಿ ಕೂತರೆ ಏನು ಬಂತು, ಇಲ್ಲಿ ನನ್ನನ್ನು ಕರೆಯುವವರಿಲ್ಲ. ಕಾರ್ತಿಕವೂ ಮುಗಿಯಿತು. ಹೊಳಲಿನ ಒಂದು ಮನೆಯಲ್ಲಿ ದೊಡ್ಡ ಹುಡುಗಿಯರಿಬ್ಬರನ್ನೂ ನಾನೇ ಹಾಡಿ ಹಸೆಮಣೆಗೆ ಕರೆದಿದ್ದೆ. "ಮೂರ್ನೇದುಕ್ಕೂ ನೀವೇ ಬರ್ಬೇಕು ಕಣಮ್ಮ" ಎಂದು ಆಗಲೇ ಹೇಳಿಟ್ಟಿದ್ದರು. ಆ ಮೂರನೆಯವಳ ಮದುವೆ ಹೋದ ತಿಂಗಳು ಆಗಿಹೋಗಿದೆ. ಫೋಟೋ ದೀಪಿಕನ ಫೋನಿಗೆ ಬಂದಿತ್ತು. ನಾನು ಕೂರುವ ಜಾಗದಲ್ಲಿ ಚಿಕ್ಕಮಾದಮ್ಮ ಕೂತಿದ್ದಾಳೆ.

ನನಗೊಂದು ಮಾತು ಹೇಳಲಿಲ್ಲ ಅವಳು. ಜೊತೆಯಲ್ಲೇ ಉಂಡು, ಒಂದೇ ಚಾಪೆಯಲ್ಲಿ ಮಲಗಿ ಎದ್ದವಳು.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನನ್ನ ಕಿವಿಯ ವಿಷಯ ನೀನು ಯಾರಿಗಾದರೂ ಹೇಳಿದೆಯಾ? ಅಪ್ಪಿತಪ್ಪಿ ಬಾಯಿ ಜಾರಿದ್ದರೂ ಹೇಳಿಬಿಡು. ದೀಪಿಕನನ್ನು ಕೇಳಿದೆ, ದೇವರ ಮೇಲೆ ಆಣೆ ಮಾಡಿದಳು. ಉಳಿದವಳು ನೀನು. ಕಿವುಡಿ ಎಂದು ತಿಳಿದೇ ಜನ ದೂರವಾಗಿದ್ದಾರೆ, ಇನ್ನೇನೂ ನನಗೆ ತೋಚುವುದಿಲ್ಲ. ಮದುವೆ ಮನೆಗಳಲ್ಲಿ ನನ್ನ ಹಿಂದೆ ಎಷ್ಟು ನಗುತ್ತಿದ್ದರೋ ಎಂದು ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ. ಮನೆಯಲ್ಲಿ ಕೆಲಸ ಮಾಡುತ್ತಾ ಗುನುಗುತ್ತಿದ್ದೆ, ಅದನ್ನೂ ಬಿಟ್ಟಿದ್ದೇನೆ.

ದೊಡ್ಡಮ್ಮ
ಶಿವನಂಜಮ್ಮ


ಗುತ್ತಲು, ಮಂಡ್ಯ
೨ ಜನವರಿ ೨೦೨೫

ದೊಡ್ಡಮ್ಮ,

ನಿನ್ನ ಕಿವಿಯ ವಿಷಯ ನಾನು ಯಾರಿಗೂ ಹೇಳಿಲ್ಲ. ನನ್ನಾಣೆಗೂ ಹೇಳಿಲ್ಲ.

ಈಗ ಮದುವೆಗಳಲ್ಲಿ ಸೋಬಾನೆಯನ್ನು ಯಾರು ಕೇಳುತ್ತಾರೆ, ಎಲ್ಲ ಕಡೆ ಡಿಜೆ ಹಾಕುತ್ತಾರೆ. ಕಾಲ ಬದಲಾಗಿದೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇಷ್ಟು ವರ್ಷ ದುಡಿದಿದ್ದೀಯ, ಆರಾಮಾಗಿರು.

ಸ್ವಲ್ಪ ದಿನ ಬಿಟ್ಟು ಬರುತ್ತೇನೆ.

ಅರ್ಪಿತ


ಮಳವಳ್ಳಿ
೧೨ ಫೆಬ್ರವರಿ ೨೦೨೫

ಅರ್ಪಿತ,

ಡಿಜೆ ಎಂದು ಬರೆದೆಯಲ್ಲ, ಅದಲ್ಲ ಕಾರಣ. ಕಾರಣ ನನ್ನ ಕಣ್ಣಿಗೇ ಬಿತ್ತು.

ಮದ್ದೂರಿನಲ್ಲಿ ಪ್ರತಿ ವರ್ಷ ಸೋಬಾನೆ ಹೆಂಗಸರನ್ನೆಲ್ಲ ಸೇರಿಸುತ್ತಾರೆ, ನಿನಗೆ ಗೊತ್ತು. ಮೊದಲ ಹಾಡು ಎತ್ತುವವಳು ನಾನೇ. ಈ ವರ್ಷ ಹೊಸ ಹುಡುಗ ಹುಡುಗಿಯರು ವಹಿಸಿಕೊಂಡಿದ್ದಾರಂತೆ, ಕರೆಯೋಲೆ ಬರಲಿಲ್ಲ. ಮರೆತಿರಬೇಕು ಎಂದುಕೊಂಡೆ. ಕಿವುಡಿಯಾದರೇನು, ಒಂದು ಸಲ ಹೋಗಿ ಎಲ್ಲರ ಎದುರು ಹಾಡಿಬಿಡುತ್ತೇನೆ ಎಂದು ಹಟವೂ ಬಂತು. ಭಾನುವಾರ ಒಬ್ಬಳೇ ಬಸ್ಸು ಹತ್ತಿದೆ. ಹಸಿರು ರೇಷ್ಮೆ ಸೀರೆ ಉಟ್ಟುಕೊಂಡಿದ್ದೆ, ಅದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಬಾಗಿಲಲ್ಲಿ ಒಬ್ಬಳು ಹುಡುಗಿ ಹೆಸರು ಬರೆದುಕೊಳ್ಳುತ್ತಿದ್ದಳು. ಶಿವನಂಜಮ್ಮ, ಮಳವಳ್ಳಿ ಎಂದೆ. ಅವಳು ಏನೋ ಅಂದಳು, ತಲೆ ಬಗ್ಗಿಸಿದ್ದರಿಂದ ಬಾಯಿ ಕಾಣಲಿಲ್ಲ. ಮತ್ತೆ ಅದನ್ನೇ ಹೇಳಿದೆ. ತಲೆಯೆತ್ತಿ ನಿಧಾನವಾಗಿ ಹೇಳಿದಳು, "ಅವ್ರು ತೀರ್ಕಂಡವ್ರೆ ಅಜ್ಜಿ. ನಿಮ್ಮೆಸ್ರು ಯೋಳಿ." ನಾನು ಪಿಳಿಪಿಳಿ ನೋಡಿದೆ. ಪಾಪ, ಮುದುಕಿಗೆ ತಿಳಿಯಲಿಲ್ಲ ಎಂದು ಫೋನಿನಲ್ಲಿ ಕೇಳಿ ನನ್ನ ಮುಂದೆ ಹಿಡಿದಳು. ಮಳವಳ್ಳಿಯ ಸೋಬಾನೆ ಗಾಯಕಿ ಶಿವನಂಜಮ್ಮ, ನಿಧನ ಜುಲೈ ೨೦೨೪. ಅಚ್ಚುಕಟ್ಟಾಗಿ ಬರೆದಿತ್ತು. ಅವಳ ಹೆಗಲ ಹಿಂದೆ ವೇದಿಕೆ ಕಾಣುತ್ತಿತ್ತು. ಅಲ್ಲಿ ನನ್ನ ಫೋಟೋ, ಹಾರ, ಹಚ್ಚಿಟ್ಟ ದೀಪ.

ನಾನೇ ಆ ಶಿವನಂಜಮ್ಮ ಎಂದು ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ಹೇಳಿದ್ದರೆ ಮತ್ತೆ ಈ ಸುದ್ದಿ ಎಲ್ಲಿಂದ ಬಂತು ಎನ್ನುತ್ತಿದ್ದರು. ಕಾಗೆಗೆ ಹೆದರಿ ನಮ್ಮ ಮನೆಯವರೇ ಹಾಕಿಸಿದರು ಎಂದು ಅಷ್ಟು ಜನರ ಮುಂದೆ ಹೇಳಬೇಕಾಗಿತ್ತು. ಮಹದೇವಮ್ಮ ಎಂದೆ, ನಿನ್ನಮ್ಮನ ಹೆಸರು. ಹುಡುಗಿ ಬರೆದುಕೊಂಡು ಒಳಗೆ ಬಿಟ್ಟಳು.

ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತೆ. ಎಲ್ಲರೂ ಎದ್ದು ನಿಂತರು, ನಾನೂ ನಿಂತೆ. ಯಾಕೆಂದು ಆಮೇಲೆ ಹೊಳೆಯಿತು, ನನಗಾಗಿ ಮೌನ ಆಚರಿಸುತ್ತಿದ್ದರು. ಚಿಕ್ಕಮಾದಮ್ಮ ಮೊದಲ ಹಾಡು ಎತ್ತಿದಳು. ಅದು ನಾನು ಎತ್ತುತ್ತಿದ್ದ ಹಾಡೇ ಎಂದು ಅವಳ ತುಟಿ ನೋಡಿ ತಿಳಿಯಿತು. ಮಧ್ಯದಲ್ಲಿ ಕಣ್ಣೊರೆಸಿಕೊಂಡಳು. ಅವಳ ಮೇಲೆ ಇಷ್ಟು ದಿನ ಹಲ್ಲು ಕಡಿದಿದ್ದೆನಲ್ಲ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ಮುಂದೆ ಹೋಗಿ ನಿಲ್ಲುವ ಧೈರ್ಯವಾಗಲಿಲ್ಲ. ಯಾರೋ ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿದರು. ನನ್ನ ತಿಥಿಯ ಊಟ ನಾನೇ ಉಂಡು, ಎರಡು ಗಂಟೆಯ ಬಸ್ಸಿಗೆ ವಾಪಸು ಬಂದೆ.

ನಿನ್ನ ತಪ್ಪಲ್ಲ ಇದು. ಸಾವಿನ ಸುದ್ದಿ ಕಳಿಸಲೇಬೇಕು ಎಂದವಳು ನಿನ್ನಮ್ಮ, ಸುಮ್ಮನಿದ್ದವಳು ನಾನು. ನೀನು ಮರುದಿನವೇ ಅದು ಸುಳ್ಳೆಂದು ಬರೆದೆ, ಹೇಳಿದಾಗ ಅಳಿಸಿಯೂ ಹಾಕಿದೆ. ಆದರೂ ಅದು ಹೇಗೆ ಉಳಿಯಿತು ಎಂದು ನಿನ್ನ ಆಫೀಸಿನಲ್ಲಿ ವಿಚಾರಿಸಿ ಬರೆ. ಇದೆಲ್ಲ ತಿಳಿದವಳು ನಮ್ಮ ಮನೆಯಲ್ಲಿ ನೀನೊಬ್ಬಳೇ.

ದೊಡ್ಡಮ್ಮ
ಶಿವನಂಜಮ್ಮ


ಗುತ್ತಲು, ಮಂಡ್ಯ
೧೯ ಫೆಬ್ರವರಿ ೨೦೨೫

ದೊಡ್ಡಮ್ಮ,

ವಿಚಾರಿಸುವ ಅಗತ್ಯವಿಲ್ಲ. ಅದು ಹೇಗೆ ಉಳಿಯಿತೆಂದು ನನಗೆ ಸೆಪ್ಟೆಂಬರಿನಿಂದಲೇ ಗೊತ್ತು.

ನಾನು ಹಾಕಿದ ರಾತ್ರಿಯೇ ಅದನ್ನು ಊರಿನ ಸುದ್ದಿಯ ಪುಟಗಳು ಎತ್ತಿಕೊಂಡಿದ್ದವು. ಒಬ್ಬರನ್ನು ನೋಡಿ ಇನ್ನೊಬ್ಬರು ಹಾಕಿದರು. ಯಂತ್ರ ನಾಲ್ಕಾರು ಕಡೆ ಒಂದೇ ಮಾತು ಓದಿತು, ನಂಬಿತು. 'ಸುದ್ದಿ ತಪ್ಪು' ಎಂದು ನಾನು ಬರೆದದ್ದು ನನ್ನ ಪುಟದಲ್ಲಿ ಮಾತ್ರ ಇತ್ತು. ಎಲ್ಲವನ್ನೂ ಅಳಿಸುವ ಭರದಲ್ಲಿ ಅದನ್ನೂ ಅಳಿಸಿಬಿಟ್ಟೆ. ನೀನು ಬದುಕಿದ್ದೀಯ ಎಂದು ಹೇಳುವ ಪುಟ ಒಂದೂ ಉಳಿಯಲಿಲ್ಲ. ಯಾರಾದರೂ ಸತ್ತರೆ ಜನ ಬರೆಯುತ್ತಾರೆ, ಇಂಥವರು ಇವತ್ತೂ ಬದುಕಿದ್ದಾರೆ ಎಂದು ಯಾರೂ ಬರೆಯುವುದಿಲ್ಲ.

ಇಷ್ಟಕ್ಕೇ ನಿಂತಿದ್ದರೆ ತಿಳಿಯದೆ ಆದದ್ದು ಎನ್ನಬಹುದಿತ್ತು. ನಿನ್ನ ಹೆಸರು ನನ್ನ ತೆರೆಗೆ ಬಂತು ಎಂದು ಬರೆದಿದ್ದೆ. ಗಾಯಕಿ ಎಂಬ ಸಾಲನ್ನು ಮಾತ್ರ ಬರೆದಿದ್ದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು, ನಿಧನ ಜುಲೈ ೨೦೨೪. ಅದಕ್ಕೂ ನಾನೇ 'ಸರಿ' ಒತ್ತಿದೆ.

'ತಪ್ಪು' ಒತ್ತುವ ಹಾಗಿತ್ತು. ಒತ್ತಿದರೆ ಕಾರಣ ಬರೆಯಬೇಕು, ಕಾರಣ ಬರೆದರೆ ಸಂತೋಷ್ ಕರೆದು ಕೇಳುತ್ತಾರೆ. ಆ ಸುಳ್ಳನ್ನು ನೆಟ್ಟಿಗೆ ಹಾಕಿದವಳು ನಾನೇ ಎಂದು ಹೇಳಬೇಕು. ಅದಕ್ಕೆ ಹಿಂದಿನ ವಾರವಷ್ಟೇ ಒಬ್ಬ ಹುಡುಗ ತಮ್ಮ ಮನೆಯ ಅಂಗಡಿಯ ಬಗ್ಗೆ ಇಲ್ಲದ್ದನ್ನೆಲ್ಲ ನೆಟ್ಟಿನಲ್ಲಿ ಬರೆದು, ಇಲ್ಲಿ ತಾನೇ ಸರಿ ಒತ್ತಿದ್ದಕ್ಕೆ ಅವನನ್ನು ಕೆಲಸದಿಂದ ತೆಗೆದಿದ್ದರು. ಹೊಸಬರಿಗೆ ಕಲಿಸುವ ಕೆಲಸ ನನ್ನ ಕೈಗೆ ಬರುವುದರಲ್ಲಿತ್ತು. ಪುಟ ಹೇಳಿದ್ದನ್ನಷ್ಟೇ ನೋಡಬೇಕು ಎಂಬ ರೂಲ್ ಇದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಇನ್ನೂ ಇದೆ. ನಾವು ಒತ್ತಿದ್ದರಲ್ಲಿ ಸ್ಪಷ್ಟವಾದವನ್ನು ಆಯ್ದು ಮಾದರಿ ಎಂದು ಇಡುತ್ತಾರೆ, ಯಂತ್ರ ಅವನ್ನು ನೋಡಿ ಕಲಿಯುತ್ತದೆ. ಶ್ರದ್ಧಾಂಜಲಿಯ ಪುಟದಿಂದ ಸಾವಿನ ಸಂಗತಿ ಹೆಕ್ಕುವುದು ಹೇಗೆ ಎಂಬ ಪಾಠಕ್ಕೆ ನಿನ್ನ ಪುಟವನ್ನೇ ಆಯ್ದರು. ಹೊಸಬರು ಬಂದಾಗ ಗೋಡೆಯ ಮೇಲಿನ ದೊಡ್ಡ ತೆರೆಯಲ್ಲಿ ಅದನ್ನು ಹಾಕಿ ಪಾಠ ಮಾಡಿದವಳು ನಾನು. "ಇಲ್ಲಿ ನೋಡಿ, ಹೆಸರು. ಇಲ್ಲಿ ನೋಡಿ, ಊರು. ಇಲ್ಲಿ ನಿಧನ" ಎಂದು ಕೋಲು ಹಿಡಿದು ತೋರಿಸಿದೆ. ಒಬ್ಬ ಹುಡುಗಿ, ಚಂದನ ಅಂತ, "ಮುಖ ಎಷ್ಟು ಲಕ್ಷಣವಾಗಿದೆ ಮೇಡಂ" ಎಂದಳು. ನಾನು ಮುಂದಿನ ಪುಟಕ್ಕೆ ಹೋದೆ.

ನಿನ್ನ ಕಿವಿಯ ಕಾರಣಕ್ಕೆ ಜನ ಬಿಟ್ಟರೇನೋ ಎಂದು ನೀನು ಬರೆದಾಗಲಾದರೂ ಹೇಳಬಹುದಿತ್ತು. ಆಗ ಡಿಜೆ ಎಂದೆ. ನೀನು ಹಾಡುವುದನ್ನೇ ಬಿಟ್ಟೆ ಎಂದು ಓದಿದ ಮೇಲೆ ಡಿಜೆ ಎಂದು ಬರೆದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ. ಹಬ್ಬಗಳಿಗೆ ಬರದೆ ತಪ್ಪಿಸಿಕೊಂಡಿದ್ದೂ ಇದಕ್ಕೇ. ನೀನು ಮಾತಾಡುವವರ ಬಾಯಿಯನ್ನೇ ನೋಡುತ್ತೀಯ. ನಿನ್ನೆದುರು ಕೂತು ನನ್ನ ಬಾಯಿ ಸುಳ್ಳು ಹೇಳಲಾರದು ಎಂದು ಹೆದರಿದೆ.

ಕ್ಷಮಿಸು ಎಂದು ಬರೆಯಲೂ ಮುಖವಿಲ್ಲ.

ಅರ್ಪಿತ


ಮಳವಳ್ಳಿ
೩ ಮಾರ್ಚ್ ೨೦೨೫

ಅರ್ಪಿತ,

ನಿನ್ನ ಕಾಗದವನ್ನು ದೀಪಿಕನಿಗೆ ತೋರಿಸಿಲ್ಲ. ತೋರಿಸಿದರೆ ಅವಳು ನಿನ್ನನ್ನು ಬಯ್ಯುತ್ತಾಳೆ, ಅದನ್ನು ನನಗೆ ಕೇಳಲಾಗುವುದಿಲ್ಲ. ಕಿವಿ ಕೇಳದಿದ್ದರೂ ಕೇಳಲಾಗುವುದಿಲ್ಲ.

ಕೆಲಸ ಹೋಗುತ್ತದೆಂದು ಹೆದರಿದೆ, ಅದು ಅರ್ಥವಾಗುತ್ತದೆ. ದುಡಿದು ತಿನ್ನುವವರಿಗೆಲ್ಲ ಆ ಹೆದರಿಕೆ ಇದ್ದೇ ಇರುತ್ತದೆ. ಮಿಕ್ಕಿದ್ದನ್ನು ಆಮೇಲೆ ಯೋಚಿಸುತ್ತೇನೆ. ನನಗೆ ಒಂದೇ ಒಂದು ತಿಳಿಯಬೇಕು.

ನನ್ನ ಹೆಸರು, ಅದರ ಕೆಳಗೆ ಸತ್ತಳು ಎಂಬ ಸಾಲು, ಇವೆರಡೂ ನಿನ್ನ ಕಣ್ಣಿಗೆ ಬಿದ್ದಾಗ ನಿನಗೆ ನನ್ನ ಮುಖ ನೆನಪಾಯಿತಾ?

ಇಲ್ಲ ಎಂದರೆ ನಾನು ತಡೆದುಕೊಳ್ಳಬಲ್ಲೆ. ದಿನವಿಡೀ ಅಷ್ಟೊಂದು ಹೆಸರುಗಳು ಬರುವ ಕಡೆ ನಾನೂ ಒಂದು ಹೆಸರು, ಕೈ ತಾನಾಗಿ ಒತ್ತಿರುತ್ತದೆ. ಹಾಗೆಂದೇ ನಂಬಿಕೊಂಡು ಇದ್ದುಬಿಡುತ್ತೇನೆ. ಆದರೆ ನಿಜ ಬರೆ.

ಶಿವನಂಜಮ್ಮ


ಗುತ್ತಲು, ಮಂಡ್ಯ
೧೭ ಮಾರ್ಚ್ ೨೦೨೫

ದೊಡ್ಡಮ್ಮ,

ಬರೆಯುವ ಮೊದಲು ಎರಡು ಕೆಲಸ ಮುಗಿಸಿಕೊಳ್ಳಬೇಕಿತ್ತು.

ಸಂತೋಷ್ ಹತ್ತಿರ ಎಲ್ಲ ಹೇಳಿದೆ. ಕಾಗೆಯಿಂದ ಹಿಡಿದು ಹೇಳಿದೆ. ತೆಗೆದುಹಾಕುತ್ತಾರೆ ಎಂದು ನನ್ನ ಟಿಫನ್ ಡಬ್ಬಿ, ಬಾಟಲಿ ಎಲ್ಲ ಬ್ಯಾಗಿಗೆ ತುಂಬಿಕೊಂಡೇ ಹೋಗಿದ್ದೆ. ಅವರು, "ನೀನು ಒತ್ತಿದ್ದರಲ್ಲಿ ತಪ್ಪಿಲ್ಲ. ಪುಟದಲ್ಲಿ ಹಾಗೇ ಇತ್ತಲ್ಲ. ಮುಂದೆ ಹೀಗೆ ಆಗಬಾರದು" ಎಂದರು. ಅಷ್ಟೇ ದೊಡ್ಡಮ್ಮ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ನಿನ್ನ ಪುಟವನ್ನು ಪಾಠದಿಂದ ತೆಗೆಸಿದೆ. ಯಂತ್ರದಲ್ಲಿ ತಿದ್ದಲು ಕಳಿಸಿದ್ದಾರೆ, ಯಾವಾಗ ತಿದ್ದುತ್ತದೋ ಗೊತ್ತಿಲ್ಲ. ಸುದ್ದಿ ಹಾಕಿದ್ದ ಪುಟಗಳವರಿಗೆಲ್ಲ ಫೋನ್ ಮಾಡಿ ತೆಗೆಯಿರಿ ಎಂದು ಕೇಳಿಕೊಳ್ಳುತ್ತಿದ್ದೇನೆ. ಸುಳ್ಳು ಸುದ್ದಿ ಹಾಕಿದವಳು ನಾನೇ ಎಂದು ಪ್ರತಿಯೊಬ್ಬರಿಗೂ ಹೇಳಬೇಕಾಗುತ್ತದೆ. ಹೇಳುತ್ತಿದ್ದೇನೆ.

ನಿನ್ನೆ ಭಾನುವಾರ ಕೊತ್ತತ್ತಿಗೆ ಹೋದೆ. ಚಿಕ್ಕಮಾದಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಿನ್ನ ತಂಗಿಯ ಮಗಳು ಎಂದ ಕೂಡಲೇ ಮುಖ ತಿರುಗಿಸಿದರು. "ಏನ್ ಬಂದೆ ಈಗ? ತಿಥಿಗೊಂದ್ ಮಾತ್ ಯೋಳಿ ಕಳಿಸ್ನಿಲ್ಲ ನಿಮ್ಮೋರು. ಅವ್ಳ್ ಸತ್ಲು ಅಂತ ಅತ್ತುದ್ಕಿಂತ ನನ್ನ ಕರೀನಿಲ್ವಲ್ಲ ಅಂತ ಒಟ್ಟೆ ಉರ್ಕಂಡಿದ್ದೇ ಜಾಸ್ತಿ ಕಣಮ್ಮ" ಎಂದರು. ನಾನು ನೆಲದ ಮೇಲೆ ಕೂತು, ನಿನ್ನ ಕಿವಿಯ ವಿಷಯವೊಂದು ಬಿಟ್ಟು ಎಲ್ಲ ಹೇಳಿದೆ. ನೀನು ಮದ್ದೂರಿಗೆ ಬಂದು ಹಿಂದೆ ಕೂತಿದ್ದೆ ಎಂದಾಗ ಅವರ ಕೈಯ ಮೊರ ಜಾರಿ ಕಾಳೆಲ್ಲ ಚೆಲ್ಲಿತು. ಒಂದೊಂದಾಗಿ ಹೆಕ್ಕಿ ಮತ್ತೆ ಮೊರಕ್ಕೆ ಹಾಕಿಕೊಂಡರು. ಆಮೇಲೆ, "ಬದ್ಕಿರೋಳ್ಗೆ ದೀಪ ಅಚ್ಚುಸ್ಬುಟ್ಯಲ್ಲ ನನ್ನ ಕೈಲಿ. ನೀ ಓದಿರೋಳು ಕಣಮ್ಮ, ಏನಂತ ಬೈಲಿ ನಿನ್ನ" ಎಂದರು. ನೀರು ಕೂಡ ಕೊಡಲಿಲ್ಲ. ಬರುವ ಶುಕ್ರವಾರ ಅವರೇ ಮಳವಳ್ಳಿಗೆ ಬರುತ್ತಾರೆ. ನನ್ನ ಜೊತೆ ಬರುವುದಿಲ್ಲವಂತೆ, ಒಬ್ಬರೇ ಬರುತ್ತಾರಂತೆ.

ನೀನು ಕೇಳಿದ ಒಂದು ಮಾತಿಗೆ ಉತ್ತರ ಬರೆಯದೆ ಇಷ್ಟುದ್ದ ಬರೆದೆ. ಇಲ್ಲ ಎಂದು ಬರೆದುಬಿಡಲು ಮೂರು ಸಲ ಹೊರಟೆ. ನೀನೇ ಅದಕ್ಕೆ ದಾರಿ ಮಾಡಿಕೊಟ್ಟಿದ್ದೆ. ಹಾಗೆ ಬರೆದರೆ ನಿನಗೂ ನೆಮ್ಮದಿ, ನನಗೂ ನೆಮ್ಮದಿ. ಆದರೆ ನಿಜ ಬರೆ ಎಂದಿದ್ದೀಯ.

ನೆನಪಾಯಿತು ದೊಡ್ಡಮ್ಮ. ಸ್ಕೂಲಿಂದ ಬಂದಾಗ ನೀನು ಬಾಗಿಲಲ್ಲಿ ನಿಂತು ನನ್ನ ದಾರಿ ನೋಡುತ್ತಿದ್ದ ಮುಖವೇ ಕಣ್ಣ ಮುಂದೆ ಬಂತು. ಇನ್ನೊಂದು ಗಳಿಗೆ ಅದನ್ನು ನೋಡಿದ್ದರೆ ನನ್ನ ಕೈಲಿ ಒತ್ತಲು ಆಗುತ್ತಿರಲಿಲ್ಲ. ಅದಕ್ಕೇ ಬೇಗ ಒತ್ತಿದೆ.

ಅರ್ಪಿತ